ಬುದ್ಧಿ ಹೇಳುವವರ ನಡುವೆ

ಮಳೆಗೆ ಬರ ಬಂದೀತು, ಬುದ್ಧಿ ಹೇಳುವವರಿಗೆ ಬರ ಬಂದದ್ದಿಲ್ಲ. ಬಾಗಲಕೋಟೆ ತಾಲ್ಲೂಕಿನ ಶಿರೂರಾಗಲಿ, ಅತ್ತ ಹುನಗುಂದ, ಇಳಕಲ್ಲಾಗಲಿ, ಯಾರಾದರೂ ಸಪ್ಪೆ ಮುಖ ಮಾಡಿಕೊಂಡು ಚಹಾದಂಗಡಿಗೆ ಬಂದರೆ ಸಾಕು. ಕಪ್ಪು ಖಾಲಿಯಾಗುವುದರೊಳಗೆ ಐದು ಮಂದಿ ಐದು ದಾರಿ ತೋರಿಸಿರುತ್ತಾರೆ.

*

"ತಲಿ ಕೆಡಿಸ್ಕೋಬ್ಯಾಡೋ ತಮ್ಮಾ" ಎಂದವರ ತಲೆ ಹಗುರಾಗುತ್ತದೆ. ತಮ್ಮನದು ಇದ್ದಲ್ಲೇ ಇರುತ್ತದೆ.

*

ಮನಶ್ಶಾಸ್ತ್ರಜ್ಞರ ಬಳಿ ಹೋದವರು ಮೊದಲ ದಿನ ನಿರಾಶರಾಗುವುದುಂಟು. ಮುಕ್ಕಾಲು ಗಂಟೆ ಕೇಳಿಸಿಕೊಂಡರು, ನಾಲ್ಕು ಪ್ರಶ್ನೆ ಹಾಕಿದರು, ಒಂದು ಸಣ್ಣ ಕೆಲಸ ಹಚ್ಚಿ ಮುಂದಿನ ವಾರ ಬರ್ರಿ ಅಂದರು. "ಏನೂ ಹೇಳಲೇ ಇಲ್ಲಲ್ರಿ, ಇದಕ್ಕ ಯಾಕ ಹೋಗಬೇಕು?" ಹೇಳಿಸಿಕೊಳ್ಳುವುದು ಮನೆಯಲ್ಲೇ ಬೇಕಾದಷ್ಟು ಆಗಿತ್ತು. ಅಲ್ಲಿ ಸಿಗದೆ ಇದ್ದದ್ದು ಆ ಮುಕ್ಕಾಲು ಗಂಟೆ.

*

ಮನಸ್ಸು ಬದಲಾಗಬೇಕಾದರೆ ಏನೇನು ಬೇಕು ಎಂದು ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಒಂದು ಪಟ್ಟಿ ಬರೆದರು. ಎದುರಿಗೆ ಕೂತವರು ನಾಟಕ ಮಾಡಬಾರದು, ಬಂದವನನ್ನು ಷರತ್ತು ಹಾಕದೆ ಒಪ್ಪಿಕೊಳ್ಳಬೇಕು, ಅವನು ನಿಂತಲ್ಲಿಂದಲೇ ಜಗತ್ತನ್ನು ನೋಡಬೇಕು, ಹಾಗೆ ನೋಡುತ್ತಿದ್ದಾರೆಂಬುದು ಅವನಿಗೂ ತಿಳಿಯಬೇಕು. ಪಟ್ಟಿಯಲ್ಲಿ ಬುದ್ಧಿವಾದಕ್ಕೆ ಜಾಗವಿಲ್ಲ. ಪದವಿಗೂ ಇಲ್ಲ.

*

"ಫಸ್ಟ್ ಕ್ಲಾಸ್ ಬಂದ್ರ ಸೈಕಲ್ ಕೊಡಿಸ್ತೀನಿ" ಎಂದು ಅಪ್ಪ ಹೇಳುತ್ತಾನೆ. ಬಾರದಿದ್ದರೆ ಏನು ಎಂಬುದನ್ನು ಅವನು ಹೇಳಿರುವುದಿಲ್ಲ. ಮಗ ರಾತ್ರಿಯಿಡೀ ಲೆಕ್ಕ ಹಾಕುವುದು ಅದನ್ನೇ.

*

ದುಃಖವನ್ನು ದುಃಖವೆಂದು ಹೇಳಿಕೊಂಡು ಆಸ್ಪತ್ರೆಗೆ ಬರುವವರು ನಮ್ಮ ಕಡೆ ಕಡಿಮೆ. ನಿದ್ದಿ ಹತ್ತವಲ್ದು, ಎದಿ ಭಾರ, ಕೈಕಾಲು ಜೋಮು, ಊಟ ಸೇರವಲ್ದು ಎನ್ನುತ್ತಾರೆ. ಡಾಕ್ಟರು ಬಿ.ಪಿ. ನೋಡಿ, ಇ.ಸಿ.ಜಿ. ತೆಗೆಸಿ, "ನಿನಗೇನೂ ಆಗಿಲ್ಲ, ಆರಾಮ್ ಇದ್ದೀ" ಎಂದು ಕಳಿಸುತ್ತಾರೆ. ನೋವಿನಲ್ಲಿರುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಮನೆಗೆ ಬಂದ ಮೇಲೆ ಮನೆಯವರೂ ಅದನ್ನೇ ಹಿಡಿದುಕೊಳ್ಳುತ್ತಾರೆ: ಡಾಕ್ಟರೇ ಹೇಳ್ಯಾರ, ಏನೂ ಆಗಿಲ್ಲಂತ.

*

ಎಂ.ಬಿ.ಬಿ.ಎಸ್. ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ ಮನಸ್ಸಿನ ಕಾಯಿಲೆಯನ್ನು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಗುರುತಿಸಿ ಔಷಧ ಕೊಡಬಹುದು. ಇದನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಮಾಡಿ ತೋರಿಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ಶುರುವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೇಶಕ್ಕೆಲ್ಲ ದಾರಿ ತೋರಿಸಿದ ಬಳ್ಳಾರಿ ನಮಗೆ ನೆರೆಮನೆ. ಆದರೂ ನಮ್ಮಲ್ಲಿ ಎಷ್ಟೋ ಜನ ಮೊದಲು ತಾಯತ ಕಟ್ಟಿಸಿ, ದೇವರು ಕೇಳಿಸಿ, ದುಡ್ಡು ಮುಗಿದ ಮೇಲೆ ಸರಕಾರಿ ದವಾಖಾನೆಯ ಬಾಗಿಲಿಗೆ ಬರುತ್ತಾರೆ.

*

ದೇವರು ಕೇಳಿಸುವವರನ್ನು ನೋಡಿ ನಗಬೇಡಿ. ಮನೋವೈದ್ಯರಾದ ಕಾರ್ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಉಡುಪಿ ಕಡೆಯ ಕೋಟದಲ್ಲಿ ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ತಂದರು. ಅಲ್ಲಿನ ಜನ ವೈದ್ಯರು, ಮಂತ್ರವಾದಿ, ದೇವರು ಮೈಮೇಲೆ ಬರುವ ಪಾತ್ರಿ ಎಲ್ಲರ ಬಳಿಗೂ ಹೋಗುತ್ತಿದ್ದರು. ಪಾತ್ರಿ ಕೊಡುತ್ತಿದ್ದದ್ದರಲ್ಲಿ ಒಂದಂತೂ ನಿಜವಾದ ಔಷಧ: ಮನೆಮಂದಿಯೆಲ್ಲ ಒಂದು ಕಡೆ ಕೂತು, ಬಳಲುತ್ತಿರುವವನ ಮಾತಿಗೆ ಕಿವಿಗೊಡುವ ಒಂದು ರಾತ್ರಿ.

*

ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರಬೇಕೆಂಬುದು ರಾಜ್ಯದ ಮನೋಚೈತನ್ಯ ಯೋಜನೆ. ಆಸ್ಪತ್ರೆಯ ಗೇಟಿನಲ್ಲಿ ಪರಿಚಯದವರು ಸಿಕ್ಕರೆ:

"ಯಾಕ್ರೀ ಅಕ್ಕಾರ, ದವಾಖಾನಿ ಕಡೆ?"

"ಬಿ.ಪಿ. ತೋರ್ಸಾಕ ಬಂದಿದ್ದೆ ನೋಡ್ರಿ."

ನಮ್ಮೂರಿನಲ್ಲಿ ಬಿ.ಪಿ. ಎಷ್ಟು ಮಂದಿಯ ಮಾನ ಕಾದಿದೆಯೋ ಲೆಕ್ಕವಿಲ್ಲ.

*

ಜಿಂಬಾಬ್ವೆಯ ಹರಾರೆಯಲ್ಲಿ 2006ರಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಹದಿನಾಲ್ಕು ಜನ ಅಜ್ಜಿಯರಿಗೆ ತರಬೇತಿ ಕೊಟ್ಟು, ಆಸ್ಪತ್ರೆಯ ಅಂಗಳದಲ್ಲಿ ಕಟ್ಟಿಗೆಯ ಬೆಂಚಿನ ಮೇಲೆ ಕೂರಿಸಿದರು. ದುಃಖ ಹೊತ್ತು ಬಂದವರು ಅಜ್ಜಿಯ ಪಕ್ಕ ಕೂತು ಹೇಳಿಕೊಂಡರು. ಅಜ್ಜಿ ಕೇಳಿ, ಯಾವುದಾದರೂ ಒಂದು ತೊಡಕನ್ನು ಬಿಡಿಸಿಕೊಳ್ಳುವ ಉಪಾಯವನ್ನು ಅವರಿಂದಲೇ ಹೊರಡಿಸಿದಳು. ಫಲ ಕೊಟ್ಟಿತೆಂದು 2016ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ನಮ್ಮಲ್ಲಿ ಕಟ್ಟೆಯೂ ಇದೆ, ಅಜ್ಜಿಯರೂ ಇದ್ದಾರೆ. ಆದರೆ ಕಟ್ಟೆಯ ಮೇಲೆ ಹೇಳಿದ ಮಾತು ಸಂಜೆಯೊಳಗೆ ಬಸ್ ಸ್ಟ್ಯಾಂಡಿನಲ್ಲಿರುತ್ತದೆ. ನಮ್ಮ ಅಜ್ಜಿಯರಿಗೆ ಮೊದಲು ಕಲಿಸಬೇಕಾದ್ದು ಗುಟ್ಟು ಉಳಿಸುವುದನ್ನು.

*

ಗುಟ್ಟು ರೋಗಿಯ ಹಕ್ಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಮಿನಲ್ಲಿ ಇದು ಬರೆದಿದೆ. ಕೂಡು ಕುಟುಂಬಕ್ಕೆ ಇದನ್ನು ಓದಿ ಹೇಳುವವರು ಯಾರು?

*

ಸೊಸೆಗೆ ನಿದ್ದೆಯಿಲ್ಲ. ಅತ್ತೆ, ಗಂಡ, ನಾದಿನಿ ಜೊತೆಗೆ ಬಂದಿದ್ದಾರೆ. ಪ್ರಶ್ನೆ ಸೊಸೆಗೆ, ಉತ್ತರ ಅತ್ತೆಯದು. ಅನುಭವಿ ಸಲಹೆಗಾರರು ಅತ್ತೆಯನ್ನು ಗದರಿಸುವುದಿಲ್ಲ. "ಅಮ್ಮಾರ, ನಿಮ್ಮ ಮಾತು ನನಗ ಬೇಕೇ ಬೇಕು, ಆಮೇಲೆ ನಿಮ್ಮ ಜೋಡಿನೂ ಕೂಡ್ತೀನಿ, ಈಗ ಸ್ವಲ್ಪ ಹೊರಗ ಕೂಡ್ರಿ" ಎನ್ನುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಐದು ನಿಮಿಷ ಸೊಸೆ ಏನೂ ಮಾತಾಡುವುದಿಲ್ಲ. ಆ ಐದು ನಿಮಿಷ ತಡೆದುಕೊಳ್ಳುವುದಕ್ಕೂ ಓದು ಬೇಕು.

*

ಹಾಗೆಂದು ಮನೆಯವರನ್ನು ದೂರ ಇಡುವುದೂ ತಪ್ಪೇ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಊರಿಗೆ ಮರಳುವಾಗ ರೋಗಿಯ ಜೊತೆ ಮನೆಯೂ ಅಷ್ಟಿಷ್ಟು ಬದಲಾಗಿರುತ್ತಿತ್ತು.

*

"ನೀವ ಹೇಳ್ರಿ ಸಾಹೇಬ್ರ, ನೀವು ಹೇಳಿದಂಗ ಮಾಡ್ತೀನಿ." ಪಶ್ಚಿಮದ ಪುಸ್ತಕ ಓದಿದ ಚಿಕಿತ್ಸಕರು ಈ ಮಾತು ಕೇಳಿ ತಬ್ಬಿಬ್ಬಾಗುತ್ತಾರೆ. ಮನೋವೈದ್ಯ ಜೆ.ಎಸ್. ನೇಕಿ ಇದನ್ನು ಬೇರೆ ಕಣ್ಣಿನಿಂದ ಕಂಡರು. ಗುರು-ಶಿಷ್ಯ ಸಂಬಂಧವೇ ಭಾರತದಲ್ಲಿ ಚಿಕಿತ್ಸೆಗೆ ಮಾದರಿಯಾಗಬಹುದೆಂದು 1973ರಲ್ಲಿ ವಾದಿಸಿದರು. ನನ್ನ ಒಪ್ಪಿಗೆ ಅರ್ಧ. ಕೈಹಿಡಿದು ಒಳಗೆ ಕರೆಯಲು ಗುರುವಿನ ದನಿಯೇ ಬೇಕು. ಹೊರಗೆ ಕಳಿಸುವಾಗ ಆ ದನಿ ಸುಮ್ಮನಾಗಬೇಕು. ಕಳಿಸಲು ಮನಸ್ಸಾಗದ ಗುರುಗಳನ್ನು ನಾವು ಸಾಕಷ್ಟು ಕಂಡಿದ್ದೇವೆ.

*

ನೇಕಾರನೊಬ್ಬನಿದ್ದಾನೆ ಎನ್ನಿ. ಪವರ್‌ಲೂಮ್ ಸೀರೆ ಬಂದು ಕೈಮಗ್ಗದ ಸೀರೆಗೆ ಗಿರಾಕಿ ಇಳಿದಿದೆ. "ನಾ ಯಾತಕ್ಕೂ ಬಾರದಾಂವ" ಎನ್ನುತ್ತಾನೆ. "ಹಂಗೆಲ್ಲ ಅನಬಾರದು, ನೀ ಚಲೋ ಮನಷ್ಯ" ಎಂದು ನಾವು ತಟ್ಟನೆ ಹೇಳಿಬಿಡುತ್ತೇವೆ. ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಹಿಡಿದ ದಾರಿ ಬೇರೆ. ಆ ವಿಚಾರವನ್ನು ಒಪ್ಪಲೂ ಇಲ್ಲ, ತಳ್ಳಲೂ ಇಲ್ಲ, ಪಂಚಾಯಿತಿಗೆ ಕೂರಿಸಿದರು. ಯಾತಕ್ಕೂ ಬಾರದವನೆಂಬುದಕ್ಕೆ ಸಾಕ್ಷಿ ಏನು? ವಿರುದ್ಧ ಸಾಕ್ಷಿ ಏನು? ಇದೇ ಮಾತನ್ನು ನಿನ್ನ ಗೆಳೆಯ ಹೇಳಿದ್ದರೆ ನೀನು ಅವನಿಗೆ ಏನು ಹೇಳುತ್ತಿದ್ದೆ? ತೀರ್ಪು ಕೊಡುವವನು ಬಂದವನೇ.

*

ಎಲ್ಲ ಕೆಟ್ಟ ವಿಚಾರವೂ ಸುಳ್ಳಲ್ಲ. ನೇಕಾರನ ಸಾಲ ನಿಜ. ಬಡ್ಡಿ ನಿಜ. ಮಗಳ ಕಾಲೇಜಿನ ಫೀ ನಿಜ. ಇವನ್ನೆಲ್ಲ ನಿನ್ನ ಮನಸ್ಸಿನ ಭ್ರಮೆ ಎಂದು ತೇಲಿಸುವ ಚಿಕಿತ್ಸಕರು ಬಡವನ ಮುಂದೆ ಕೂರಲು ತಕ್ಕವರಲ್ಲ. ಸಾಲಕ್ಕೆ ಬ್ಯಾಂಕಿನ ದಾರಿ, ಸಹಕಾರ ಸಂಘದ ದಾರಿ ಹುಡುಕಬೇಕು. "ಸಾಲ ಇದೆ, ಆದ್ದರಿಂದ ನಾನು ಮನುಷ್ಯನೇ ಅಲ್ಲ" ಎಂಬ ಮಾತಿನ ನಡುವೆ ಇರುವ ಆ "ಆದ್ದರಿಂದ" ಮಾತ್ರ ಚಿಕಿತ್ಸೆಯ ಪಾಲಿನದು.

*

ಮನಸ್ಸು ಬಂದಾಗ ಮಗ್ಗಕ್ಕೆ ಕೂಡ್ತೀನಿ ಎನ್ನುತ್ತಾನೆ ನೇಕಾರ. ಖಿನ್ನತೆ ಹಿಡಿದವನಿಗೆ ಮನಸ್ಸು ಬರುವುದಿಲ್ಲ, ಅದೇ ಕಾಯಿಲೆ. ಆದ್ದರಿಂದ ಕೈಯಿಂದ ಶುರು ಮಾಡಿಸುತ್ತಾರೆ. ಸೀರೆ ನೇಯುವ ಮಾತೇ ಬೇಡ, ಇವತ್ತು ಹತ್ತು ಕಂಡಿಕೆ ಸುತ್ತು ಸಾಕು. ನಾಳೆ ಬೆಳಿಗ್ಗೆ ಓಣಿಯ ತುದಿಯವರೆಗೆ ನಡೆದು ಬಾ. ಮಾಡಿದ ಮೇಲೆ ಹೇಗನ್ನಿಸಿತು, ಹತ್ತಕ್ಕೆ ಎಷ್ಟು, ಚೀಟಿಯಲ್ಲಿ ಬರೆ. ಗೋವಾದ ಸಂಗಾತ್ ಸಂಸ್ಥೆ ಮನೋವೈದ್ಯರಲ್ಲದ ಸಾಮಾನ್ಯ ಜನರಿಗೆ ಈ ಕ್ರಮ ಕಲಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯವರಿಗೂ ಅದು ನೆರವಾಯಿತೆಂದು 2017ರಲ್ಲಿ ತೋರಿಸಿತು.

*

ಕೂಡಲಸಂಗಮ ಇರುವ ಜಿಲ್ಲೆಯಲ್ಲಿ ಕಾಯಕದ ಹಿರಿಮೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎದ್ದು ನಿಲ್ಲಲಾರದವನ ಮುಂದೆ ಅದನ್ನು ಎತ್ತಿ ಆಡದಿದ್ದರೆ ಸಾಕು.

*

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ ಹುಡುಗನಾಗಿದ್ದಾಗ ಹೆಣ್ಣುಮಕ್ಕಳ ಜೊತೆ ಮಾತಾಡಲು ಹೆದರುತ್ತಿದ್ದರಂತೆ. ನ್ಯೂಯಾರ್ಕಿನ ಸಸ್ಯೋದ್ಯಾನದ ಬೆಂಚುಗಳ ಮೇಲೆ ಒಂಟಿಯಾಗಿ ಕೂತ ಹೆಣ್ಣುಮಕ್ಕಳನ್ನು ಮಾತಾಡಿಸಿಯೇ ತೀರುವುದೆಂದು ಪಣ ತೊಟ್ಟರು. ಒಬ್ಬಳು ಭೇಟಿಯಾಗಲು ಒಪ್ಪಿದಳು, ಅವಳೂ ಬರಲಿಲ್ಲ. ಸೋತ ಲೆಕ್ಕ ಪೂರ್ತಿ, ಹೋದದ್ದು ಹೆದರಿಕೆ. ಮುಂದೆ ಅವರು ಒಂದು ಚಿಕಿತ್ಸಾ ಪದ್ಧತಿಯನ್ನೇ ಕಟ್ಟಿದರು. (ನಮ್ಮ ಊರಿನ ತೋಟದಲ್ಲಿ ಇದನ್ನು ಮಾಡಲು ಹೋಗಬೇಡಿ, ಪರಿಣಾಮ ಬೇರೆಯೇ ಆದೀತು.)

*

ಬಾದಾಮಿಯ ಕೆಂಪು ಮರಳುಗಲ್ಲಿನ ಬಂಡೆ ಹತ್ತಲು ದೇಶವಿದೇಶದವರು ಬರುತ್ತಾರೆ. ಒಬ್ಬ ಹತ್ತುತ್ತಾನೆ, ಇನ್ನೊಬ್ಬ ಕೆಳಗೆ ಹಗ್ಗ ಹಿಡಿದು ನಿಲ್ಲುತ್ತಾನೆ. ಕೆಳಗಿನವನು ಮೇಲಕ್ಕೆ ಎಳೆಯುವುದಿಲ್ಲ, ಮುಂದಿನ ಹಿಡಿತ ಎಲ್ಲಿದೆಯೆಂದು ಕೂಗಿ ಗಾಬರಿ ಮಾಡುವುದಿಲ್ಲ. ಬಿದ್ದರೆ ನೆಲಕ್ಕೆ ಬಡಿಯದಂತೆ ನೋಡಿಕೊಳ್ಳುತ್ತಾನೆ, ಅಷ್ಟೇ. ಬೀಳುವ ಹೆದರಿಕೆ ಹೋಗಲೆಂದು ಹತ್ತುವವರು ಬೇಕೆಂದೇ ಕೈಬಿಟ್ಟು ಬಿದ್ದು ರೂಢಿ ಮಾಡಿಕೊಳ್ಳುವುದೂ ಉಂಟು. ಚಿಕಿತ್ಸಕರ ಕೆಲಸವೂ ತರಬೇತುದಾರರ ಕೆಲಸವೂ ಎಲ್ಲಿ ಒಂದೇ ಎಂದು ಯಾರಾದರೂ ಕೇಳಿದರೆ ನಾನು ಆ ಹಗ್ಗ ತೋರಿಸುತ್ತೇನೆ.

*

ಕಾನ್ಪುರ, 1969. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಆಸ್ಟ್ರೇಲಿಯಾ ವಿರುದ್ಧ ತಮ್ಮ ಮೊದಲ ಟೆಸ್ಟಿನ ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅದೇ ಕೈ, ಅದೇ ಬ್ಯಾಟು, ಅದೇ ಎದುರಾಳಿ. ಸೊನ್ನೆ ನೋಡಿ ಹುಡುಗನಿಗೆ ಬೆಲೆ ಕಟ್ಟಿದ್ದರೆ ಕನ್ನಡನಾಡು ಏನು ಕಳೆದುಕೊಳ್ಳುತ್ತಿತ್ತು ಎಂಬುದನ್ನು ಕಿರುಪರೀಕ್ಷೆಯ ಅಂಕಪಟ್ಟಿಗೆ ಸಹಿ ಹಾಕುವ ಮುನ್ನ ಒಮ್ಮೆ ನೆನೆಯಿರಿ.

*

ಯರ್ಕ್ಸ್ ಮತ್ತು ಡಾಡ್ಸನ್ 1908ರಲ್ಲಿ ಇಲಿಗಳಿಗೆ ಕರೆಂಟಿನ ಶಾಕ್ ಕೊಟ್ಟು ಪಾಠ ಕಲಿಸಿದರು. ಕಷ್ಟದ ಪಾಠವಾದರೆ ಶಾಕ್ ಒಂದು ಮಿತಿ ದಾಟಿ ಜಾಸ್ತಿಯಾದಷ್ಟೂ ಕಲಿಕೆ ಕೆಟ್ಟಿತು. ಇಲಿಗಳ ಮೇಲಿನ ಪ್ರಯೋಗ ಅಲ್ಲಿಗೆ ಮುಗಿಯಿತು. ಮಕ್ಕಳ ಮೇಲಿನದು ಪ್ರತಿ ಫೆಬ್ರುವರಿಯಲ್ಲಿ ನಡೆಯುತ್ತದೆ.

*

ಪರೀಕ್ಷೆಯ ಕೋಣೆಯಲ್ಲಿ ಎದೆ ಡವಡವ ಎನ್ನುವುದು ರೋಗವಲ್ಲ. ಮೈ ಕೆಲಸಕ್ಕೆ ಸಜ್ಜಾಗುವ ರೀತಿ ಅದು. ಹುಡುಗಿ ಹೆದರುವುದು ಎದೆಯ ಬಡಿತಕ್ಕಲ್ಲ, ಈ ಬಡಿತದಿಂದ ತನಗೆ ಎಲ್ಲವೂ ಮರೆತುಹೋಗುತ್ತದೆ ಎಂಬ ತನ್ನದೇ ಭವಿಷ್ಯವಾಣಿಗೆ. ಉಸಿರನ್ನು ನಿಧಾನ ಬಿಡು, ಗೊತ್ತಿರುವ ಒಂದು ಪ್ರಶ್ನೆಗೆ ಕೈ ಹಚ್ಚು ಎಂದರೆ ಭವಿಷ್ಯ ಹೇಳುವುದಕ್ಕೆ ಹೊತ್ತು ಸಿಗುವುದಿಲ್ಲ.

*

ಓದಿದ್ದನ್ನೇ ಮತ್ತೆ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಬರೆದರೆ ವಿಷಯ ಹೆಚ್ಚು ದಿನ ನಿಲ್ಲುತ್ತದೆ ಎಂದು ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ತೋರಿಸಿದರು. ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದ ಹಳೆಯ ಮಾಸ್ತರಿಗೆ ಇದು ತಿಳಿದಿತ್ತು. ಒಪ್ಪಿಸಲು ಬಾರದಿದ್ದಾಗ ಬೆತ್ತ ಎತ್ತಿ ಅವರೇ ಅದನ್ನು ಕೆಡಿಸಿದರು.

*

ಸರಕಾರ 2024ರಲ್ಲಿ ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಯ ಅವಕಾಶ ತಂದಿತು. ಹೆಚ್ಚು ಅಂಕ ಬಂದದ್ದನ್ನು ಇಟ್ಟುಕೊಳ್ಳಬಹುದಿತ್ತು. ಇಲಾಖೆ ಎರಡನೆಯ ಬಾಗಿಲು ತೆರೆದರೂ ಮನೆಗಳಲ್ಲಿ ಮೊದಲನೆಯದರ ಮುಂದೆಯೇ ಅಳು.

*

ಟಿಮ್ ಗಾಲ್ವೆ ಟೆನಿಸ್ ಕಲಿಸುತ್ತಿದ್ದವರು. ತಾನು ಕಡಿಮೆ ಮಾತಾಡಿದ ದಿನ ಶಿಷ್ಯರು ಹೆಚ್ಚು ಕಲಿಯುತ್ತಾರೆಂಬುದು ಅವರ ಕಣ್ಣಿಗೆ ಬಿತ್ತು. ಆಟಗಾರನ ಸಾಮರ್ಥ್ಯದಿಂದ ಅವನ ಒಳಗಿನ ಅಡ್ಡಿಗಳನ್ನು ಕಳೆದರೆ ಉಳಿಯುವುದೇ ಆಟ ಎಂಬ ಲೆಕ್ಕ ಅವರದು. 1974ರಲ್ಲಿ ಬಂದ ಅವರ ಪುಸ್ತಕವನ್ನು ಟೆನಿಸ್ ಗೊತ್ತಿಲ್ಲದವರೂ ಓದುತ್ತಾರೆ. ನಮ್ಮ ತರಬೇತುದಾರರು ಕೂಡಿಸುವುದರಲ್ಲೇ ಇದ್ದಾರೆ: ಇನ್ನೊಂದು ಟ್ಯೂಷನ್, ಇನ್ನೊಂದು ಗೈಡು, ಇನ್ನೊಂದು ತಾಸು. ಕಳೆಯುವ ಲೆಕ್ಕ ಬರುವವರು ಬೇಕಾಗಿದ್ದಾರೆ.

*

ಬರ್ಲಿನ್ನಿನ ಸಂಗೀತ ಶಾಲೆಯ ಅತ್ಯುತ್ತಮ ಪಿಟೀಲುಗಾರರು ಉಳಿದವರಿಗಿಂತ ಹೆಚ್ಚು ಅಭ್ಯಾಸ ಮಾಡುತ್ತಿದ್ದರೆಂದು ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ 1993ರಲ್ಲಿ ಬರೆದದ್ದು ಎಲ್ಲರ ಬಾಯಲ್ಲಿದೆ. ಅವರು ಮಧ್ಯಾಹ್ನ ಮಲಗುತ್ತಿದ್ದರೆಂದು ಅದೇ ಪ್ರಬಂಧದಲ್ಲಿದೆ. ಅದನ್ನು ಯಾವ ಭಾಷಣಕಾರರೂ ಹೇಳುವುದಿಲ್ಲ.

*

ಪ್ರಕಾಶ್ ಪಡುಕೋಣೆ ಆಡಿ ಬೆಳೆದದ್ದು ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ. ಅದು ಮದುವೆಯ ಹಾಲು. ಮದುವೆ ಇದ್ದ ದಿನ ಆಟವಿಲ್ಲ. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಕೈಯಲ್ಲಿ ಇಲ್ಲದ್ದನ್ನು ಎಣಿಸುತ್ತ ಕೂತ ಹುಡುಗನಿಗೆ ಒಳ್ಳೆಯ ತರಬೇತುದಾರರು ಕೇಳುವುದು ಒಂದೇ: ಇವತ್ತು ಹಾಲು ಖಾಲಿ ಇದೆಯಾ?

*

2024ರ ವಿಶ್ವ ಚೆಸ್ ಪಟ್ಟದ ಪಂದ್ಯದಲ್ಲಿ ಹದಿನೆಂಟರ ಗುಕೇಶ್ ಮೊದಲ ಆಟವನ್ನೇ ಸೋತರು. ಜೊತೆಗೆ ಮನಸ್ಸಿನ ತರಬೇತಿಗೆ ಇದ್ದವರು ಪ್ಯಾಡಿ ಅಪ್ಟನ್, 2011ರ ಕ್ರಿಕೆಟ್ ವಿಶ್ವಕಪ್ ಗೆದ್ದ ಭಾರತ ತಂಡಕ್ಕೂ ಇದೇ ಕೆಲಸ ಮಾಡಿದವರು. ಮೂರನೆಯ ಆಟದಲ್ಲಿ ಗುಕೇಶ್ ಗೆದ್ದರು. ಪಟ್ಟ ಸಿಕ್ಕಿದ್ದು ಹದಿನಾಲ್ಕನೆಯದರಲ್ಲಿ. ವಿಶ್ವವಿಜೇತರಿಗೇ ಮನಸ್ಸಿನ ಕೋಚ್ ಬೇಕಾದರೆ ನಮ್ಮ ಹುಡುಗರಿಗೆ ಮಾತ್ರ ನಾಚಿಕೆ ಯಾಕೆ?

*

ಗಂಗೂಬಾಯಿ ಹಾನಗಲ್ ಅವರ ಮೊದಲ ಗ್ರಾಮಫೋನ್ ತಟ್ಟೆಗಳಲ್ಲಿ ದನಿ ಸಣ್ಣದು, ಎಳೆಯದು. ಗಂಟಲಿನ ತೊಂದರೆ, ಚಿಕಿತ್ಸೆ ಆದ ಮೇಲೆ ಅದು ಹೋಯಿತು, ಗಂಡು ದನಿಯೊಂದು ಉಳಿಯಿತು. ಹೋದ ದನಿಯ ಬೆನ್ನು ಹತ್ತಿದ್ದರೆ ಅವರು ಎಲ್ಲಿಗೂ ತಲುಪುತ್ತಿರಲಿಲ್ಲ. ಉಳಿದ ದನಿಗೆ ಏನು ಒಗ್ಗುತ್ತದೆಂದು ಹುಡುಕಿದರು. ಕಳೆದುಕೊಂಡದ್ದನ್ನು ಒಪ್ಪಿಕೊಳ್ಳುವುದನ್ನು ಈಗ ಚಿಕಿತ್ಸೆಯ ತತ್ತ್ವವಾಗಿ ಕಲಿಸುತ್ತಾರೆ. ಹುಬ್ಬಳ್ಳಿಯಲ್ಲಿ ಅದನ್ನು ಕಿರಾನಾ ಘರಾಣೆಯ ಖಯಾಲಿನಲ್ಲಿ ಕೇಳಿದವರಿದ್ದರು.

*

ಪರೀಕ್ಷೆ ಹತ್ತಿರವಾದಾಗ ಶಾಲೆಗಳಿಗೆ ಮೋಟಿವೇಶನ್ ಭಾಷಣಕಾರರು ಬರುತ್ತಾರೆ. ಮಕ್ಕಳು ಚಪ್ಪಾಳೆ ಹೊಡೆಯುತ್ತಾರೆ, ಒಂದಿಬ್ಬರು ಅಳುತ್ತಾರೆ. ಸಾಧಿಸಬೇಕೆಂಬ ಮಾತು ಕೇಳಿ ಹುರುಪಾಗುವ ಮಕ್ಕಳಿಗೆ ಭಾಷಣದ ಅಗತ್ಯವಿರಲಿಲ್ಲ. ಅಗತ್ಯವಿದ್ದ ಮಗು ಹಿಂದಿನ ಸಾಲಿನಲ್ಲಿ ಕೂತು, ಇಷ್ಟು ಸುಲಭದ್ದೂ ನನಗೆ ಆಗುತ್ತಿಲ್ಲವಲ್ಲ ಎಂದುಕೊಂಡಿತು.

*

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಾದರೆ ಓದು ಬೇಕು, ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಕೋಚ್ ಎಂದು ಬೋರ್ಡು ಹಾಕಲು ಪೇಂಟರ್ ಸಾಕು. ಬೋರ್ಡಿನ ಕೆಳಗೆ ಒಳ್ಳೆಯವರೂ ಇದ್ದಾರೆ, ಗುರುತಿಸುವುದು ಸುಲಭ. ಇದು ನನ್ನ ಕೈಮೀರಿದ್ದು, ಡಾಕ್ಟರ ಬಳಿ ಹೋಗಿ ಎಂದು ಹೇಳಬಲ್ಲವರು ಅವರು.

*

ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ನಡೆಸಿದರು. ಆಕಾಶವಾಣಿ ಎಂಬ ಹೆಸರು ಅಲ್ಲಿಂದಲೇ ಬಂದದ್ದು. ಕೇಳಿಸಿಕೊಳ್ಳುವ ಕಸುಬಿನವರು ದೇಶಕ್ಕೆ ಮಾತಾಡುವ ಪೆಟ್ಟಿಗೆಯ ಹೆಸರು ಕೊಟ್ಟರು!

*

'ಕೊರವಂಜಿ'ಯಲ್ಲಿ ನಾಡನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ಕಾಯಿಲೆಗಳ ಮೇಲೆ 'ಮನಮಂಥನ' ಬರೆದರು. 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೇ ಬಂತು. ನಗಿಸುವವರಿಗೆ ಮನಸ್ಸು ತಿಳಿದಿರುತ್ತದೆ. ಮನಸ್ಸಿನ ಡಾಕ್ಟರಿಗೆ ನಗು ತಿಳಿದಿರದಿದ್ದರೆ ಬೇರೆ ಡಾಕ್ಟರನ್ನು ನೋಡುವುದೇ ಲೇಸು.

*

ಎರಡು ವಾರ ಬಿಡದೆ ನಿದ್ದೆ ಕೆಟ್ಟರೆ, ಬೇಕಾದ ಕೆಲಸವೂ ಬೇಡವಾದರೆ, ಅದು ಸೋಮಾರಿತನವೆಂದು ಮನೆಯಲ್ಲೇ ತೀರ್ಮಾನ ಮಾಡಬೇಡಿ.

*

"ಸಾಯಬೇಕು ಅನ್ನಿಸ್ತದೇನು?" ಎಂದು ಕೇಳಿದರೆ ಇಲ್ಲದ ವಿಚಾರ ಹುಟ್ಟೀತೆಂದು ಎಲ್ಲರೂ ಹೆದರುತ್ತಾರೆ. ಕೇಳುವುದರಿಂದ ಅದು ಹುಟ್ಟುವುದಿಲ್ಲ. ಮೆಲ್ಲಗೆ, ನೇರವಾಗಿ ಕೇಳಿ. ಕೇಳಿದ ಮೇಲೆ ಉಪದೇಶ ಮಾಡದೆ ಪಕ್ಕದಲ್ಲೇ ಕೂತಿರಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ. ಪೊಲೀಸರ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದೆ ಇರಬೇಡಿ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಬೇಕು, ಶಿಕ್ಷಿಸಬಾರದು ಎಂದು 2017ರ ಕಾಯ್ದೆಯ 115ನೇ ಕಲಮು ಹೇಳುತ್ತದೆ.

*

ಟೆಲಿ ಮಾನಸ್ ಸಹಾಯವಾಣಿ 2022ರ ಅಕ್ಟೋಬರ್ 10ರಂದು ಶುರುವಾಯಿತು. ಸಂಖ್ಯೆ 14416. ಹಗಲಿರುಳೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಶಿರೂರಿನಿಂದ ಬಸ್ಸು ಹತ್ತಿ ಯಾರ ಕಣ್ಣಿಗೂ ಬೀಳಬೇಕಾಗಿಲ್ಲ. ಚಹಾದಂಗಡಿಯ ಗೋಡೆಯ ಮೇಲೆ, ಶಾಲೆಯ ನೋಟಿಸ್ ಬೋರ್ಡಿನಲ್ಲಿ, ಮಗ್ಗದ ಮನೆಯ ಬಾಗಿಲಲ್ಲಿ ಈ ಐದು ಅಂಕಿಗಳನ್ನು ದಪ್ಪಕ್ಷರದಲ್ಲಿ ಬರೆದು ಹಚ್ಚಿ.